ಅಳತೆ ಸರಿ ಇತ್ತು

ಮಾರ್ಚ್ ೪, ಬೆಳಿಗ್ಗೆ ೧೧
ಇವತ್ತೂ ಅದೇ. ಸ್ಕ್ಯಾನ್ ಸೆಂಟರಿನ ಹಳೇ ಕಂಪ್ಯೂಟರಿಂದ ಹೊಸದಕ್ಕೆ ಚಿತ್ರ ಸಾಗಿಸೋದು. ಹಳೇದರ ಡಿಸ್ಕ್ ಕರಕರ ಅನ್ನುತ್ತೆ. ಪೆನ್‌ಡ್ರೈವ್ ಬೇಡ — ಈ ಕಡೆ ಒಂದು ಕಮಾಂಡ್ ಡಿಸ್ಕ್ ಓದಿ ಕೇಬಲ್ಲಿಗೆ ಸುರಿಯುತ್ತೆ, ಆ ಕಡೆ ಇನ್ನೊಂದು ಹಿಡಿದು ಬರೆಯುತ್ತೆ. ಟೆಕ್ನಿಷಿಯನ್ ಅಕ್ಕ, "ಹತ್ತನೇ ಕ್ಲಾಸ್ ಮುಗಿಸದೋನು ನಮಗೆಲ್ಲ ನೀರು ಕುಡಿಸ್ತೀಯಲ್ಲೋ!" ಅಂದಳು. ಉಬ್ಬಿಹೋದೆ.

ಸಂಜೆ ೪
ಪರದೆ ತುಂಬ ಎರರ್ ಸಾಲು. ಎಷ್ಟು ಹೋಯ್ತು ಅನ್ನೋದೇ ಕಾಣ್ತಿರಲಿಲ್ಲ. ಎರರ್ ತೋರಿಸಬೇಡ ಅಂತ ಕಮಾಂಡಿಗೆ ಸೇರಿಸಿ ಮತ್ತೆ ಶುರು ಮಾಡಿದೆ. ಈಗ ತಣ್ಣಗಿದೆ.

ಮಾರ್ಚ್ ೫
ಮುಗೀತು. ಎರಡೂ ಕಡೆ ಎಣಿಸಿದೆ. ಫೈಲ್ ಲೆಕ್ಕವೂ ಸರಿ, ಒಂದೊಂದರ ಅಳತೆಯೂ ಸರಿ. ನಾಲ್ಕು ತೆರೆದು ನೋಡಿದೆ, ಚೆನ್ನಾಗಿವೆ. ಸೆಂಟರ್ ನಡೆಸೋ ಡಾಕ್ಟ್ರು ಹಳೇ ಡಿಸ್ಕ್ ಒರೆಸಿ ಗುಜರಿಗೆ ಹಾಕು ಅಂದರು. ಹಾಕಿದೆ.

ಮಾರ್ಚ್ ೧೯
ಮೇಷ್ಟ್ರು ಬಂದಿದ್ದರು. ನನಗೆ ಲೆಕ್ಕ ಕಲಿಸಿದವರು. ಶಾಲೆ ಬಿಟ್ಟಾಗ ಮನೆವರೆಗೆ ಬಂದು ಕರೆದವರು ಅವರೊಬ್ಬರೇ. ಶ್ವಾಸಕೋಶದಲ್ಲಿ ಗಂಟು. ಎರಡು ವರ್ಷದ ಹಿಂದೆ ಇಲ್ಲೇ ತೆಗೆಸಿದ ಸ್ಕ್ಯಾನಲ್ಲೂ ಇತ್ತಂತೆ; ಆಗಿನ ಫಿಲ್ಮು, ರಿಪೋರ್ಟು ಕಳೆದುಹೋಗಿವೆ. ಅಷ್ಟೇ ಇದ್ದರೆ ಚಿಂತೆ ಇಲ್ಲ, ಬೆಳೆದಿದ್ದರೆ ಆಪರೇಷನ್.
"ಹಳೇ ಚಿತ್ರ ತೆಗಿಯಪ್ಪ. ನನ್ನ ಜಾತಕ ಈಗ ನಿನ್ನ ಕೈಲಿ" ಅಂತ ನಕ್ಕರು.
ತೆಗೆದೆ. ಹೆಸರಿದೆ. ಅಳತೆ ಇದೆ. ಕಪ್ಪು. ಪೂರಾ ಕಪ್ಪು.

ಮಾರ್ಚ್ ೨೦
ಗೊತ್ತಾಯ್ತು. ಡಿಸ್ಕಿನಲ್ಲಿ ಓದೋಕಾಗದ ಕಡೆಯೆಲ್ಲ ಕಮಾಂಡ್ ಬರೀ ಸೊನ್ನೆ ತುಂಬಿ ಕಳಿಸಿದೆ. ಅದನ್ನೇ ಕೂಗಿ ಹೇಳ್ತಿದ್ದವು ಆ ಸಾಲುಗಳು. ಬಾಯಿ ಮುಚ್ಚಿಸಿದ್ದು ನಾನು. ಮುನ್ನೂರ ಹನ್ನೆರಡು ಜನರದ್ದು ಕಪ್ಪು.
ಡಾಕ್ಟ್ರು: "ಡಿಸ್ಕ್ ಕೆಟ್ಟಿತ್ತು ಅನ್ನು. ಸುಳ್ಳೇನಲ್ಲವಲ್ಲ."
"ಪೂರ್ತಿ ನಿಜಾನೂ ಅಲ್ಲ, ಸರ್."
"ಹರಿಶ್ಚಂದ್ರ! ಬಾಯಿಬಿಟ್ಟರೆ ನಾಳೆಯಿಂದ ಬರಬೇಡ."

ಸಂಜೆ ೬
ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಮೇಷ್ಟ್ರು: "ಆಗಲೂ ಹೀಗೇ ಕಣೋ ನೀನು. ಉತ್ತರ ಸರಿ ಬಂದ್ರೆ ಸಾಕು, ನಡುವಿನ ಹಂತ ನೋಡ್ತಿರಲಿಲ್ಲ."
ಅವರ ಮಗಳು ಬಾಗಿಲು ತೋರಿಸಿದಳು.

ಏಪ್ರಿಲ್ ೨, ಮಧ್ಯಾಹ್ನ
ಕೆಲಸ ಇಲ್ಲ. ದಿನಾ ಆಸ್ಪತ್ರೆ ವರಾಂಡದಲ್ಲಿ ಕೂರ್ತೀನಿ. ಹೋಲಿಸೋಕೆ ಹಳೇ ಚಿತ್ರ ಇಲ್ಲ, ಕಾಯೋದು ಬೇಡ ಅಂತ ಮೊನ್ನೆ ಮೇಷ್ಟ್ರ ಎದೆ ತೆರೆದರು. ಗಂಟು ಏನೂ ಅಲ್ಲವಂತೆ. ಹಳೇ ಗಾಯದ ಕಲೆ, ಬೆಳೆಯೋದಲ್ಲ. ಮೇಷ್ಟ್ರಿಗೆ ಇನ್ನೂ ಎಚ್ಚರ ಬಂದಿಲ್ಲ. ಉಸಿರು ಮೆಷಿನ್ನಿಂದ...
ಈಗ ಮಗಳು ಬಂದು ಪಕ್ಕದಲ್ಲೇ ಕೂತಳು. ಬೈಯಲಿಲ್ಲ.
"ನೀನು ಸುಳ್ಳು ಹೇಳಲ್ವಂತಲ್ಲ. ಆ ಚಿತ್ರ ಇದ್ದಿದ್ರೆ ಅಪ್ಪನಿಗೆ ಇದೆಲ್ಲ ಬೇಕಿತ್ತಾ?"
ನೀರು ತರ್ತೀನಿ ಅಂತ ಎದ್ದು ಬಂದೆ. ಮೆಟ್ಟಿಲ ಮೇಲೆ ಕೂತು ಬರೀತಿದ್ದೀನಿ. ಹೋಗಿ ಹೇಳಬೇಕು. ಇದ್ದಿದ್ದರೆ —