ಸೀರೆಯ ಹಿಂದೆ ಕುಳಿತವಳು

ಸುಳ್ಯ
ಗುರುವಾರ, ೧೪ ನವೆಂಬರ್ ೨೦೨೪

ಮಗಳು ಶರ್ಮಿಳಾಳಿಗೆ,

ನಿನ್ನ ಅವ್ವ ಶೀಲಾವತಿ ಎರಡೂ ಕೈ ಎತ್ತಿ ಮಾಡುವ ಆಶೀರ್ವಾದ. ನಾಟಕದ ಮೈಕು ಕೈಕೊಟ್ಟ ದಿನಗಳಲ್ಲೂ ಕೊನೆಯ ಸಾಲಿನಾಚೆ ನಿಂತ ಕಡಲೆ ಮಾರುವವನವರೆಗೆ ಮಾತು ಮುಟ್ಟಿಸಿದ ಹೆಂಗಸು ನಾನು. ಆ ಗಂಟಲನ್ನು ಒಂದು ಲಕೋಟೆಯೊಳಗೆ ತುರುಕುವುದು ಸುಲಭದ ಕೆಲಸವಲ್ಲ. ಎಲ್ಲಿಯಾದರೂ ಅಕ್ಷರ ದೊಡ್ಡದಾದರೆ ಅಲ್ಲಿ ಅವ್ವ ಕೂಗಿದ್ದಾಳೆ ಎಂದು ತಿಳಿದುಕೋ.

ನಿನ್ನ ಕಾಗದ ಮೊನ್ನೆ ಸಿಕ್ಕಿತು. ಕಡಬಕ್ಕೂ ಸುಳ್ಯಕ್ಕೂ ಎಷ್ಟು ದೂರ ಮಹಾ? ತಾಯಿ ಮಗಳು ಕಾಗದ ಬರೆದುಕೊಳ್ಳುವ ಕಾಲ ಬಂತಲ್ಲ ಎಂದು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ನಿನ್ನ ಫೋನು ನೀರಿಗೆ ಬಿದ್ದು ಹಾಳಾಯಿತಂತೆ. ಅಳಿಯಂದಿರ ಫೋನಿಗೆ ಮಾಡಿದರೆ ಪ್ರತಿ ಸಲವೂ ಒಂದೇ ಉತ್ತರ, ಅವಳು ಸ್ನಾನಕ್ಕೆ ಹೋಗಿದ್ದಾಳೆ ಅತ್ತೆ ಎಂದು. ಬೆಳಿಗ್ಗೆ ಸ್ನಾನ, ಮಧ್ಯಾಹ್ನ ಸ್ನಾನ, ಮುಸ್ಸಂಜೆಗೆ ಇನ್ನೊಂದು ಸ್ನಾನ. ನನ್ನ ಮಗಳು ಮನುಷ್ಯಳೋ ಮೀನೋ ಎಂದು ಕೇಳಿದೆ. ಹರಿಪ್ರಸಾದ್ ನಗಲಿಲ್ಲ.

ಕಾಗದದಲ್ಲಿ ನೀನು ಕೇಳಿದ್ದು ಒಂದೇ. ಆ ಸಿನಿಮಾದಲ್ಲಿ ಸೀರೆಯ ಹಿಂದೆ ಕುಳಿತ ಹೆಂಗಸು ಯಾರು? ಅವಳ ಹೆಸರು ಬರೆದು ಸಹಿ ಹಾಕಿ ಕಳಿಸಿದರೆ ಮತ್ತೆ ಯಾರೂ ನಮ್ಮ ತಂಟೆಗೆ ಬರುವುದಿಲ್ಲ, ನಿನ್ನನ್ನು ತವರಿಗೂ ಕಳಿಸುತ್ತಾರೆ ಎಂದು. ಹೆಸರು ಕೊಡುತ್ತೇನೆ ಮಗಳೇ. ಇದೇ ಕಾಗದದಲ್ಲಿ ಕೊಡುತ್ತೇನೆ. ಆದರೆ ಈ ಹಾಳೆಗಳು ಯಾರ ಯಾರ ಕೈಗೆ ಹೋಗುತ್ತವೋ, ಆದ್ದರಿಂದ ಮೊದಲಿಂದ ಕೊನೆಯವರೆಗೆ ಓದಿದವರಿಗೆ ಮಾತ್ರ ಗೊತ್ತಾಗುವ ಹಾಗೆ ಬರೆದಿದ್ದೇನೆ. ನಡುವಿನ ಸಾಲು ಹಾರಿಸಿದರೆ ಕೊನೆಯ ಸಾಲಿಗೆ ಅರ್ಥವಿಲ್ಲ. ನಿಧಾನವಾಗಿ ಓದು.

ಆ ಸಿನಿಮಾ ಮಾಡಿದ ಪುತ್ತೂರಿನ ಹುಡುಗಿ ಭವಿತಾ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಸಣ್ಣ ಸಣ್ಣ ಸಾಕ್ಷ್ಯಚಿತ್ರ ಮಾಡುವವಳು. ನಮ್ಮ ನಾಟಕದ ಒಂದು ದೃಶ್ಯದಷ್ಟೂ ಉದ್ದವಿಲ್ಲದವು. ಬಿದ್ದು ಎದ್ದವರದ್ದು, ನಾನು ಯಾರೆಂದು ನಾನೇ ಹೇಳುತ್ತೇನೆ ಎಂದವರದ್ದು, ನ್ಯಾಯ ಎಲ್ಲಿ ಎಂದು ಕೇಳಿದವರದ್ದು. ಒಂದರಲ್ಲಿ ಸವಣೂರು ಕಡೆಯ ಬ್ಯಾರಿ ಹುಡುಗಿ, ಮನೆಯಲ್ಲಿ ಜಗಳವಾಡಿ ಬಸ್ಸು ಓಡಿಸುವ ಲೈಸೆನ್ಸ್ ತೆಗೆದವಳು. ಇನ್ನೊಂದರಲ್ಲಿ ಜಾತಿ ಸರ್ಟಿಫಿಕೇಟಿಗಾಗಿ ಕಚೇರಿಗೆ ನಡೆದೂ ನಡೆದೂ ಮುದುಕನಾದವ. ಅಜ್ಜನ ಹೆಸರಿಗೆ ಯಾರೋ ಒಂದು ಸೊನ್ನೆ ಹೆಚ್ಚು ಹಾಕಿದ್ದಕ್ಕೆ ಮೊಮ್ಮಗ ಈ ಲೋಕದಲ್ಲಿ ಯಾರೂ ಅಲ್ಲದವನಾಗಿದ್ದಾನೆ. ಅವನ ಮುಖ ನೋಡುವಾಗ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಮೂರನೆಯದು ನಿಮ್ಮ ಕಲ್ಲುಕೋರೆಯದ್ದು.

ಕೋರೆ ಬೆಳ್ಯಪ್ಪ ಭಾವನದ್ದು, ಬಂಡೆಗೆ ಮದ್ದು ಇಡಿಸುವ ಉಸ್ತುವಾರಿ ತಮ್ಮನದ್ದು, ಅಂದರೆ ನಿನ್ನ ಗಂಡನದ್ದು. ಅಲ್ಲಿ ಕಲ್ಲು ಒಡೆಯಲು ಬಂದಿದ್ದ ಘಟ್ಟದ ಮೇಲಿನ ಶ್ಯಾಮ ಸತ್ತಾಗ ಅಡಿಕೆ ಮರದಿಂದ ಬಿದ್ದು ಸತ್ತ ಎಂದು ಬರೆಸಿದರು. ನಮ್ಮ ಕಡೆ ಈ ಮಾತನ್ನು ಯಾರೂ ತಿರುಗಿ ಕೇಳುವುದಿಲ್ಲ. ಆದರೆ ಸಿನಿಮಾದಲ್ಲಿ ಹಗ್ಗಕ್ಕೆ ಒಂದು ಸೀರೆ ಹರವಿದೆ. ಹಿಂದಿನಿಂದ ಬೆಳಕು. ಅದರಲ್ಲಿ ಒಬ್ಬ ಹೆಂಗಸಿನ ನೆರಳು. ನೆರಳು ಹೇಳುತ್ತದೆ: ಮದ್ದು ಸಿಡಿದು ಕಲ್ಲು ಬಡಿದು ಸತ್ತವನನ್ನು ಟರ್ಪಾಲಿನಲ್ಲಿ ಹೊತ್ತುಕೊಂಡು ಹೋಗಿ ತೋಟದಲ್ಲಿ ಮಲಗಿಸಿದರು. ಮರ ಹತ್ತುವ ತಳೆಯನ್ನು ಅವನ ಕಾಲಿಗೆ ಅಲ್ಲೇ ಸಿಕ್ಕಿಸಿದರು. ಹೊತ್ತವರು ನಾಲ್ವರು. ಮೂವರ ಹೆಸರನ್ನು ಹೇಳಿದಳು, ಆ ಹೆಸರುಗಳ ಮೇಲೆ ಭವಿತಾ ಕುಯ್ಯೆನ್ನುವ ಸದ್ದು ಹಾಕಿದ್ದಾಳೆ. ನಾಲ್ಕನೆಯದಕ್ಕೆ ಹೆಸರಿಲ್ಲ. ‘ಮತ್ತೆ ಅವರು’ ಎಂದಷ್ಟೇ ಉಂಟು.

ನೆರಳು ಅವಳದ್ದು, ದನಿ ನನ್ನದು. ಹೌದು. ಅವಳ ದನಿಯನ್ನು ಯಾರಾದರೂ ಗುರುತು ಹಿಡಿದಾರು ಎಂದು ಭವಿತಾ ಆ ಮಾತುಗಳನ್ನೆಲ್ಲ ಇದ್ದ ಹಾಗೆಯೇ ಬೇರೆ ಗಂಟಲಿನಿಂದ ಹೇಳಿಸಿದಳು. ನಾನು ಹೋಗಿ ನಿಂತು, ಎದೆ ಉಬ್ಬಿಸಿ, ಮೊದಲ ಸಾಲು ಗರ್ಜಿಸಿದೆ. ಅವಳು ಕಿವಿಯಿಂದ ಯಂತ್ರ ಕಿತ್ತು ಕೆಳಗಿಟ್ಟಳು.

‘ಆಂಟಿ, ಇಲ್ಲಿ ಗ್ಯಾಲರಿ ಇಲ್ಲ. ಮೈಕ್ ನಿಮ್ಮ ಬಾಯಿಯ ಎದುರೇ ಉಂಟು. ಅಳುದು ಬೇಡ, ಸಿಟ್ಟೂ ಬೇಡ. ಹೇಳುದು ಸಾಕು.’

ಹೇಳುವುದು ಸಾಕಂತೆ. ರಾಣಿಯಾಗಿ, ರಾಕ್ಷಸಿಯಾಗಿ, ಎರಡು ಸಲ ಯಮನಾಗಿ ಗುಡುಗಿದವಳಿಗೆ ಬರೀ ಹೇಳುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಸಂಜೆಯ ಹೊತ್ತಿಗೆ ಹದ ಸಿಕ್ಕಿತು. ಪುತ್ತೂರಿನ ಒಂದು ಸಭಾಭವನದಲ್ಲಿ ಅದನ್ನು ತೋರಿಸಿದಾಗ ಕತ್ತಲಲ್ಲಿ ನೆರಳು ಕೇಳಿತು: ‘ಅಡಿಕೆ ಮರದಿಂದ ಬಿದ್ದವನ ತಲೆಕೂದಲಲ್ಲಿ ಕಲ್ಲಿನ ಹುಡಿ ಎಲ್ಲಿಂದ ಬಂತು?’ ಆಮೇಲೆ ಹಿಂದಿನಿಂದ ಯಾರೋ ಮೆಲ್ಲನೆ ಅಂದರು, ಇದು ನಮ್ಮ ಸುಳ್ಯದ ಶೀಲಕ್ಕನ ದನಿಯಲ್ಲವಾ. ಅಲ್ಲಿಂದ ಎಲ್ಲರ ಫೋನಿನಲ್ಲೂ ನಾನೇ.

ಅಂದಿನಿಂದ ಊರು ಬೇರೆ ವೇಷ ಹಾಕಿದೆ. ಶಾಲೆಯ ಮಕ್ಕಳಿಗೆ ನಾಟಕ ಕಲಿಸಲು ಕರೆದಿದ್ದವರು ಈ ವರ್ಷ ಡ್ಯಾನ್ಸ್ ಮಾತ್ರ ಎಂದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಜನ ಕಂಬಿ ಹಿಡಿದು ನಿಲ್ಲುತ್ತಾರೆ. ಒಂದು ಜೀಪು ಗೇಟಿನ ಎದುರು ಬಂದು ನಿಲ್ಲುತ್ತದೆ. ಯಾರೂ ಇಳಿಯುವುದಿಲ್ಲ, ಇಂಜಿನ್ ಬಂದ್ ಮಾಡುವುದಿಲ್ಲ. ನಾನು ಅಂಗಳಕ್ಕೆ ಇಳಿದರೆ ಹೋಗುತ್ತದೆ, ಒಳಗೆ ಬಂದರೆ ಮತ್ತೆ ಬರುತ್ತದೆ. ಕಳೆದ ಆದಿತ್ಯವಾರ ಬೆಳಿಗ್ಗೆ ಬಾಗಿಲು ತೆರೆದಾಗ ಜಗಲಿಯಲ್ಲಿ ಬಾಳೆಲೆ ಹಾಕಿತ್ತು. ಒಳ್ಳೆಯ ಕೊಡಿ ಎಲೆ, ತೊಳೆದು ಒರೆಸಿದ್ದು. ತುದಿಯಲ್ಲಿ ಉಪ್ಪು ಬಡಿಸಿದ್ದರು. ಪಕ್ಕದಲ್ಲಿ ಲೋಟದಲ್ಲಿ ನೀರು. ಅನ್ನ ಹಾಕುವ ಜಾಗದಲ್ಲಿ ಒಂದು ರಾಶಿ ಕಲ್ಲಿನ ಹುಡಿ. ಊಟಕ್ಕೆ ಕರೆದವರ ಹೆಸರು ಎಲ್ಲಿಯೂ ಇರಲಿಲ್ಲ.

ಅದರ ಮರುದಿನ ಬೆಳ್ಯಪ್ಪ ಭಾವ ಬಂದರು. ಬಿಳಿ ಪಂಚೆ, ಮುಖದ ತುಂಬ ಮರ್ಯಾದೆ. ಗೋಡೆಯ ಮೇಲಿನ ನನ್ನ ನಾಟಕದ ಫೋಟೊಗಳನ್ನು ಒಂದೊಂದಾಗಿ ನೋಡಿದರು, ಕಾಫಿ ಕುಡಿದರು, ಸಕ್ಕರೆ ಹದವಾಗಿದೆ ಎಂದು ಹೊಗಳಿದರು. ಆಮೇಲೆ ಲೋಟ ಕೆಳಗಿಟ್ಟರು.

‘ಅತ್ತೆ, ಶ್ಯಾಮ ಸತ್ತ ದಿನ ನೀವು ಪುತ್ತೂರಲ್ಲಿ ಆಪರೇಷನ್ ಆಗಿ ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿದವರು. ಅಲ್ಲಿಂದ ಕಡಬದ ಕೋರೆ ಕಾಣುದು ಹೇಗೆ? ನೀವೆಂತ ಗಾಂಧಾರಿಯಾ, ಸಂಜಯನಾ?’

ದನಿ ನನ್ನದು, ಮಾತು ನನ್ನದಲ್ಲ ಎಂದೆ.

‘ಅದೇ, ನಾನು ಕೇಳುದೂ ಅದೇ. ಮಾತು ಯಾರದ್ದು? ಅದೊಂದು ಹೇಳಿಬಿಡಿ. ಇಲ್ಲದಿದ್ರೆ ನಮಗೆ ಒಬ್ಬೊಬ್ಬರನ್ನೇ ಕೇಳಿಕೊಂಡು ಬರಬೇಕಾಗ್ತದೆ.’

ಮೆಟ್ಟಿಲು ಇಳಿದವರು ತಿರುಗಿ ನಿಂತು ನಿನ್ನ ಸುದ್ದಿ ಹೇಳಿದರು. ನೀನು ಸೌಖ್ಯವಾಗಿದ್ದೀಯಂತೆ. ಮೊನ್ನೆ ಬಾವಿಯ ಹತ್ತಿರ ಕಾಲು ಜಾರಿತ್ತಂತೆ. ಕಟ್ಟೆ ತಗ್ಗು, ಪಾಚಿಯೂ ಉಂಟು, ಜಾಗ್ರತೆ ಮಾಡಲು ಹೇಳಿದ್ದೇವೆ ಎಂದರು. ಅವರು ಅದನ್ನು ಹೇಳಿದ ಮೆತ್ತಗಿನ ದನಿ ಉಂಟಲ್ಲ, ಯಮನ ಪಾತ್ರ ಮಾಡುವಾಗ ನನಗೆ ಯಾರೂ ಅದನ್ನು ಕಲಿಸಿರಲಿಲ್ಲ.

ಒಬ್ಬೊಬ್ಬರನ್ನೇ ಕೇಳುವುದು ಶುರುವಾಗಿದೆ ಎಂದು ಕೇಳಿದೆ. ಕೋರೆಯ ಶೆಡ್ಡಿನಲ್ಲಿ ಅಡುಗೆ ಮಾಡುವ ಗೋದಾವರಿಯ ಪಾತ್ರೆ, ಚಾಪೆ ಎಲ್ಲ ರಸ್ತೆಗೆ ಬಿದ್ದವಂತೆ. ಅವಳಿಗೆ ಆ ಸಿನಿಮಾ ಎಂದರೇನೆಂದೇ ಗೊತ್ತಿಲ್ಲ. ಅವಳ ತುಟಿ ಒಡೆದದ್ದು ಬಾಗಿಲು ಬಡಿದು ಎಂದು ಹೇಳುತ್ತಾಳಂತೆ. ಇನ್ನು ಯಾರ ಸರದಿಯೋ. ಒಬ್ಬಳ ಹೆಸರು ಹೊರಗೆ ಬಾರದೆ ಹತ್ತು ಜನರ ತುಟಿ ಒಡೆಯಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಹೆದರಿದ್ದೀಯಾ ಅವ್ವ ಎಂದು ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. ಹೆದರಿದ್ದೇನೆ. ಜೀಪಿಗೆ ಅಲ್ಲ, ಎಲೆಗೂ ಅಲ್ಲ. ನಿಮ್ಮ ಮನೆಯ ಬಾವಿಗೆ.

ನನ್ನ ಮಾತು ಇಲ್ಲಿಗೆ ಸಾಕು. ತಲೆಗೆ ಎಣ್ಣೆ ಹಾಕಿಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನನ್ನು ಹೆತ್ತ
ಶೀಲಾವತಿ

ತಾ.ಕ.: ಅಳಿಯಂದಿರೇ, ಇನ್ನು ಮುಂದಿನದ್ದು ನಿಮಗೆ. ನಿಜ ಹೇಳಬೇಕೆಂದರೆ ಹಿಂದಿನದ್ದೂ ನಿಮಗೇ. ಮಾತು ಕಲಿತಂದಿನಿಂದ ನನ್ನ ಮಗಳು ನನ್ನನ್ನು ಅವ್ವ ಎಂದೇ ಕರೆದವಳು. ನೀವು ಎದುರು ಕೂತು ಹೇಳಿ ಬರೆಸಿದ ಕಾಗದ ‘ಪ್ರೀತಿಯ ಅಮ್ಮನಿಗೆ’ ಎಂದು ಶುರುವಾಗಿತ್ತು. ಕಾಗದದಲ್ಲಿ ಹಾಗೆಯೇ ಬರೆಯುವುದು ಎಂದು ನಿಮಗೆ ಅನಿಸಿರಬೇಕು. ಅವಳು ನಿಮ್ಮ ಕಣ್ಣೆದುರಿನಲ್ಲೇ ನನ್ನನ್ನು ಕೂಗಿದ್ದಳು.

ಈ ಲಕೋಟೆ ತಂದುಕೊಟ್ಟ ಝುಲೈಖಾ ನಿಮ್ಮ ಮನೆಯ ಹೆಂಗಸರಿಗೆಲ್ಲ ರವಕೆ ಹೊಲಿಯುವವಳು. ಅಳತೆ ತೆಗೆಯಬೇಕೆಂದು ಶರ್ಮಿಳಾಳನ್ನು ಒಳಗೆ ಕರೆದುಕೊಂಡು ಹೋಗಿದ್ದಾಳೆ. ಒಂದು ರವಕೆಯ ಅಳತೆಗೆ ಇಷ್ಟು ಹೊತ್ತು ಬೇಡ. ನೀವು ಸ್ನಾನದ ಸಂಗತಿ ಓದುವಾಗ ಇಬ್ಬರೂ ಹಿತ್ತಿಲ ಬಾಗಿಲು ದಾಟಿರಬೇಕು, ಬಾಳೆಲೆಯ ಹೊತ್ತಿಗೆ ಭವಿತಾಳ ಕಾರು ಹತ್ತಿರಬೇಕು. ವಕೀಲರೂ ಅದರಲ್ಲೇ ಇದ್ದಾರೆ. ಪರದೆಯ ಹಿಂದೆ ದೃಶ್ಯ ಬದಲಾಗುವವರೆಗೆ ಪರದೆಯ ಮುಂದೆ ಒಬ್ಬರು ನಿಂತು ಮಾತು ಎಳೆಯಬೇಕು. ನಾಟಕದಲ್ಲಿ ಆ ಕೆಲಸವನ್ನು ಯಾವಾಗಲೂ ನನಗೇ ಕೊಡುತ್ತಿದ್ದರು.

ಹೆಸರು ಕೇಳಿದಿರಿ. ಆ ಸಿನಿಮಾವನ್ನು ಎಷ್ಟು ಸಲ ಹಾಕಿ ನೋಡಿದ್ದೀರೋ ಏನೋ. ಮೂವರನ್ನು ಹೆಸರು ಹಿಡಿದು ಹೇಳಿದ ಹೆಂಗಸು ನಾಲ್ಕನೆಯವರನ್ನು ಮಾತ್ರ ‘ಅವರು’ ಎಂದದ್ದು ಯಾಕೆಂದು ನಿಮಗೆ ಹೊಳೆಯಲಿಲ್ಲ. ನಮ್ಮಲ್ಲಿ ಹೆಂಗಸು ಯಾರನ್ನು ಹಾಗೆ ಕರೆಯುತ್ತಾಳೆ? ಶ್ಯಾಮ ಸತ್ತ ಮರುದಿನ ನನ್ನ ಕಣ್ಣಿಗೆ ಮದ್ದು ಬಿಡಲು ಬಂದವಳು ಮದ್ದೆಲ್ಲ ಕೆನ್ನೆಗೆ ಬಿಟ್ಟಳು. ಆಗ ಹೇಳಿದಳು. ಅವಳ ದನಿಯೇ ಇದ್ದಿದ್ದರೆ ಒಂದೇ ಉಸಿರಿಗೆ ನೀವು ಗುರುತಿಸುತ್ತಿದ್ದಿರಿ. ನನ್ನ ದನಿ ಇದ್ದರೆ ನನ್ನ ಬಾಗಿಲಿಗೆ ಬರುತ್ತೀರಿ ಎಂದು ಗೊತ್ತಿತ್ತು. ಬಂದಿರಿ.

ಮದುವೆಯಾದಂದಿನಿಂದ ಅವಳು ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಇವತ್ತು ಮಧ್ಯಾಹ್ನ ಪುತ್ತೂರಿನಲ್ಲಿ, ನ್ಯಾಯಾಧೀಶರ ಮುಂದೆ, ತನ್ನದೇ ದನಿಯಲ್ಲಿ ಹೇಳುತ್ತಾಳೆ.