ಹೊರಗಿನ ಕಟ್ಟೆ

ಸಿರುಗುಪ್ಪ

ಅತ್ತೆಯವರೇ,

ನೀವು ತೀರಿಹೋಗಿ ಐದು ತಿಂಗಳಾಯಿತು. ಇವತ್ತು ನನ್ನ ಬಿ.ಎ. ಘಟಿಕೋತ್ಸವ ಲ್ಯಾಪ್‌ಟಾಪಿನಲ್ಲೇ ಮುಗಿಯಿತು. ಪರೀಕ್ಷೆಯ ರೂಢಿಯಲ್ಲಿ ಕೋಣೆಯ ಚಿಲಕ ಹಾಕಿಕೊಂಡೇ ಕೂತಿದ್ದೆ.

ಮನೆಯಿಂದಲೇ ಆನ್‌ಲೈನಿನಲ್ಲಿ ಬರೆಯುವ ಪರೀಕ್ಷೆಯಲ್ಲಿ ಇನ್ನೊಬ್ಬರು ಕ್ಯಾಮೆರಾದಲ್ಲಿ ಕಾಣಬಾರದು, ದನಿಯೂ ಕೇಳಬಾರದು ಎಂದು ಮೂರು ವರ್ಷ, ಪರೀಕ್ಷೆ ಬಂದಾಗಲೆಲ್ಲ, ನಿಮ್ಮನ್ನು ಹೊರಗಿನ ಕಟ್ಟೆಗೆ ಕಳಿಸಿದೆ. ಒಮ್ಮೆ ನೀವು ಸೊಪ್ಪಿನವಳಿಗೆ, "ಒದರಬ್ಯಾಡಬೇ, ನನ್ನ ಸೊಸಿ ಪರೀಕ್ಷಿ ಬರ್ಯಾಕತ್ತಾಳ" ಎಂದು ಕೂಗಿದಿರಿ. "ನೀವೇ ಒದರಾಕತ್ತೀರಲ್ರೀ" ಎಂದು ರೇಗಿದೆ. ಆಮೇಲೆ ನೀವು ಅವಳಿಗೆ ಬರೀ ಕೈಸನ್ನೆ ಮಾಡುತ್ತಿದ್ದಿರಿ.

ಇವತ್ತು ನನ್ನ ಹೆಸರು ಓದಿದ ಮೇಡಂ, "ಮನೆಯವರನ್ನೂ ಕರೀರಿ, ಎಲ್ಲರೂ ಕಾಣಲಿ" ಎಂದರು. ನಿಮ್ಮ ಮಗ ಮಿಲ್ಲಿಗೆ ಹೋಗಿದ್ದರು.

ಆದರೂ ಎದ್ದು ಚಿಲಕ ತೆಗೆದೆ. ಹೊರಗೆ ಕಟ್ಟೆಯ ಮುಂದೆ ಸೊಪ್ಪಿನವಳು ಬುಟ್ಟಿ ಹೊತ್ತು ಹೋಗುತ್ತಿದ್ದಳು. ನಮ್ಮ ಮನೆ ದಾಟುವತನಕ ಅವಳು ಈಗಲೂ ಕೂಗುವುದಿಲ್ಲ.