ಜಮಖಾನದ ಕೆಳಸಾಲಿನ ನಡುವಿನವರನ್ನು ತೆಗೆದ ಬಗ್ಗೆ

ಪಕ್ಷದ ಪರಮೋಚ್ಚ ಮಂಡಳಿಯಲ್ಲಿ ಕುಳಿತಿರುವ ಮಾನ್ಯರೇ,

ಇಂದು ಬುಧವಾರ. ಕ್ರಿಸ್ತಜಯಂತಿಗೆ ಮುಂಚಿನ ನಲವತ್ತು ದಿನದ ಉಪವಾಸದಲ್ಲಿ ಒಂಬತ್ತನೆಯ ದಿನ. ಹಾಲು, ಮೊಟ್ಟೆ, ಮಾಂಸ ಮೊದಲೇ ಇಲ್ಲ. ಬುಧವಾರವಾದ್ದರಿಂದ ಎಣ್ಣೆಯೂ ಇಲ್ಲ. ಬೆಳಿಗ್ಗೆ ಎದ್ದು ಒಲೆಯ ಬೂದಿ ಬಾಚಿದೆ, ಕಾಳು ಬೇಯಲಿಟ್ಟೆ, ಎರಡು ಮನೆಗಳ ಮೇಕೆಗಳಿಗೆ ಹುಲ್ಲು ಹಾಕಿದೆ, ಎರಡು ಮನೆಗಳ ಅಂಗಳದ ಹಿಮ ಗುಡಿಸಿದೆ. ಎರಡನೆಯ ಮನೆ ನನ್ನದಲ್ಲ, ನನ್ನ ತಮ್ಮನ ಹೆಂಡತಿ ಜ್ಲಾತಾಳದು. ಕಳೆದ ವಾರ ಸೋಮವಾರ ಅವಳನ್ನು ನಿಮ್ಮ ಹೆಸರು ಹೇಳಿ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಇನ್ನೂ ಕಳಿಸಿಲ್ಲ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ವಿವರ.

ಇದನ್ನು ಗುಟ್ಟಾಗಿ ಬರೆಯುತ್ತಿಲ್ಲ. ನಮ್ಮ ಸಹಕಾರ ಸಂಘದ ಬಾಗಿಲ ಪಕ್ಕದಲ್ಲಿ ಗೋಡೆ ಪತ್ರಿಕೆ ಅಂತ ಒಂದು ಹಲಗೆ ಇದೆ. ‘ಟೀಕೆಗೆ ಅಂಜಬೇಡಿ, ಬಹಿರಂಗವಾಗಿ ಬರೆಯಿರಿ’ ಎಂದು ಅದರ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದವರು ನೀವೇ. ಎರಡು ವರ್ಷದಿಂದ ಅಲ್ಲಿ ಅಂಟಿಕೊಂಡಿರುವುದು ಒಂದೇ ಟೀಕೆ, ಕೋಳಿಗಳು ಯೋಜನೆಯ ಪ್ರಕಾರ ಮೊಟ್ಟೆ ಇಡುತ್ತಿಲ್ಲ ಎಂದು. ಕೋಳಿಗಳು ಈವರೆಗೆ ಸಮಜಾಯಿಷಿ ಕೊಟ್ಟಿಲ್ಲ. ಪಕ್ಕದಲ್ಲಿ ಜಾಗ ಬೇಕಾದಷ್ಟಿದೆ. ಈ ಪತ್ರದ ಒಂದು ಪ್ರತಿ ಅಲ್ಲಿಗೆ, ಇನ್ನೊಂದು ನಿಮಗೆ. ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಪಾದ್ರಿಗಳ ಹತ್ತಿರ ಕಲಿತವಳು ನಾನು. ಅಕ್ಷರ ಸೊಟ್ಟಗಿದ್ದರೆ ತಪ್ಪು ನನ್ನದು, ಪಾದ್ರಿಗಳದಲ್ಲ. ಅವರ ಮೇಲೆ ಈಗಾಗಲೇ ಸಾಕಷ್ಟು ಹೊರಿಸಿದ್ದೀರಿ.

ಕಳೆದ ವಸಂತದಲ್ಲಿ ಜಿಲ್ಲೆಯಿಂದ ಒಂದು ಕಾಗದ ಬಂತು. ನಮ್ಮ ಬೆಟ್ಟದ ಹಳ್ಳಿಯ ಹೆಂಗಸರು ಸ್ವಂತ ಇಚ್ಛೆಯಿಂದ ರಾಜಧಾನಿಯ ಮಹಾಧಿವೇಶನಕ್ಕೆ ಒಂದು ಜಮಖಾನವನ್ನು ಕಾಣಿಕೆ ಕೊಡುತ್ತಿದ್ದೇವೆ ಎಂಬ ವಿಷಯ ನಮಗೆ ಆ ಕಾಗದದಿಂದಲೇ ತಿಳಿಯಿತು. ಅದರಲ್ಲಿ ನಿಮ್ಮ ಒಂಬತ್ತು ಜನರ ಮುಖ ಇರಬೇಕು, ಮೂರು ಸಾಲು, ಸಾಲಿಗೆ ಮೂವರು. ದೊಡ್ಡವರು ಮೇಲೆ, ಚಿಕ್ಕವರು ಕೆಳಗೆ. ಯಾರು ಎಷ್ಟು ದೊಡ್ಡವರು ಎಂದು ಸಂಖ್ಯೆ ಹಾಕಿದ ಫೋಟೋ ಜೊತೆಗಿತ್ತು.

ನಮ್ಮ ಅಜ್ಜಿಯರ ಕಾಲದಿಂದ ನಾವು ಜಮಖಾನದಲ್ಲಿ ಹಕ್ಕಿ, ದ್ರಾಕ್ಷಿಬಳ್ಳಿ, ಆಮೆ, ಜೀವವೃಕ್ಷ ನೇಯ್ದವರು. ಮನುಷ್ಯರ ಮುಖ ನೇಯ್ದವರಲ್ಲ. ಈ ನೇಯ್ಗೆಯಲ್ಲಿ ದುಂಡಗಿನದು ಯಾವುದೂ ಬರುವುದಿಲ್ಲ, ಎಲ್ಲವೂ ಮೆಟ್ಟಿಲಾಗುತ್ತದೆ. ನಿಮ್ಮ ಮೂಗುಗಳು ಮೆಟ್ಟಿಲಾದವು, ಗಲ್ಲಗಳು ಮೆಟ್ಟಿಲಾದವು. ಮೈಬಣ್ಣಕ್ಕೆ ಈರುಳ್ಳಿ ಸಿಪ್ಪೆಯ ಬಣ್ಣ ಹಾಕಿದೆವು. ಒಂಬತ್ತು ಜನಕ್ಕೂ ಕಾಮಾಲೆ ಬಂದಂತಾಯಿತು. ಒಬ್ಬರಿಂದೊಬ್ಬರನ್ನು ಬೇರೆ ಮಾಡುವುದು ಮೀಸೆ ಮತ್ತು ಕನ್ನಡಕ ಮಾತ್ರ. ಇದನ್ನು ಅಗೌರವದಿಂದ ಹೇಳುತ್ತಿಲ್ಲ. ನನ್ನ ತಮ್ಮ ದ್ರಾವಾ ನದಿಯ ದಡದಲ್ಲಿ ಯುದ್ಧದ ಕೊನೆಯ ಚಳಿಗಾಲದಲ್ಲಿ ಸತ್ತ. ಅವನನ್ನು ನೇಯ್ದಿದ್ದರೂ ಹೀಗೇ ಬರುತ್ತಿದ್ದ.

ಮಗ್ಗದ ವಿಷಯ ಒಂದು ನಿಮಗೆ ತಿಳಿದಿರಬೇಕು. ನಮ್ಮದು ಗೋಡೆಗೆ ಆತು ನಿಂತ ಮಗ್ಗ. ಅದರ ಮುಂದೆ ಕೂರಲು ಒಂದು ಹಲಗೆ, ಹಲಗೆಯ ಎಡಕ್ಕೆ ನಾನು, ಬಲಕ್ಕೆ ಜ್ಲಾತಾ. ನೇಯ್ಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಗೋಡೆ ಕಟ್ಟಿದ ಹಾಗೆ. ಅಂದರೆ ನಿಮ್ಮಲ್ಲಿ ಚಿಕ್ಕವರು ಮೊದಲು ಹುಟ್ಟುತ್ತಾರೆ, ದೊಡ್ಡವರು ಅವರ ತಲೆಯ ಮೇಲೆ ಕೂರುತ್ತಾರೆ. ಜಮಖಾನಕ್ಕೆ ಒಳಮಗ್ಗುಲು, ಹೊರಮಗ್ಗುಲು ಎಂಬುದಿಲ್ಲ, ಎರಡೂ ಕಡೆ ಒಂದೇ ಮುಖ. ಗಂಟು ಬಚ್ಚಿಡಲು ಹಿಂಭಾಗವೇ ಇಲ್ಲ. ಈ ಒಂದು ಮಾತನ್ನು ಜಿಲ್ಲೆಯಲ್ಲಿ ಯಾರಾದರೂ ಮೊದಲೇ ಕೇಳಿದ್ದರೆ ನನ್ನ ಶಾಯಿ ಉಳಿಯುತ್ತಿತ್ತು.

ಜೂನ್ ತಿಂಗಳಲ್ಲಿ ಕೆಳಸಾಲು ಆಗಷ್ಟೇ ಮುಗಿದಿತ್ತು. ನಮ್ಮ ಹಳ್ಳಿಯ ಪಕ್ಷದ ಕಾರ್ಯದರ್ಶಿ ನೈದೆನ್ ಬಂದು ಬಾಗಿಲಲ್ಲಿ ನಿಂತ. ಈ ನೈದೆನನ ಜ್ಞಾನಸ್ನಾನದಲ್ಲಿ ಅವನನ್ನು ಎತ್ತಿಕೊಂಡ ಜ್ಞಾನತಾಯಿ ನಾನೇ. ಸಭೆಯಲ್ಲಿ ನಾನು ಅವನಿಗೆ ಕಾಮ್ರೇಡ್ ವೆಲಿಕಾ, ಮನೆಯಲ್ಲಿ ದೊಡ್ಡಮ್ಮ.

“ದೊಡ್ಡಮ್ಮ, ಎಡಗಡೆಯವರನ್ನ ತೆಗೀಬೇಕಂತೆ.”

“ಯಾಕಪ್ಪ, ಹುಷಾರಿಲ್ವಾ ಅವರಿಗೆ?”

“ಅವರು ಯಾವತ್ತೂ ಇರಲೇ ಇಲ್ಲವಂತೆ.”

“ಇಲ್ಲದೇ ಇದ್ದವರಿಗೆ ಇಷ್ಟೊಂದು ಉಣ್ಣೆ ಹಿಡೀತಾ?” ಎಂದಳು ಜ್ಲಾತಾ.

ತೆಗೆದೆವು. ಮೇಲೆ ಯಾರೂ ಇರಲಿಲ್ಲವಾದ್ದರಿಂದ ಕಷ್ಟವಾಗಲಿಲ್ಲ, ಎರಡು ದಿನದ ಕೆಲಸ. ಅವರ ಜಾಗದಲ್ಲಿ ಏನು ಹಾಕುವುದೆಂದು ಕೇಳಿ ಕಳಿಸಿದೆವು. ಹತ್ತೊಂಬತ್ತು ದಿನದ ಮೇಲೆ ನೈದೆನ್ ಮತ್ತೆ ಬಂದ, ಟೋಪಿ ಕೈಯಲ್ಲಿ.

“ದೊಡ್ಡಮ್ಮ, ಇದ್ದಾರಂತೆ.”

“ಯಾರು?”

“ಎಡಗಡೆಯವರು. ಮೊದಲಿಂದಲೂ ಇದ್ದರಂತೆ. ಒಂದು ತಪ್ಪು ತಿಳುವಳಿಕೆ ಅಷ್ಟೇ.”

ಮತ್ತೆ ನೇಯ್ದೆವು. ಎರಡನೆಯ ಸಲ ಅವರ ಕಿವಿ ಮೊದಲಿಗಿಂತ ಚೆನ್ನಾಗಿ ಬಂತು.

ಮಾನ್ಯರೇ, ನಮ್ಮ ಚರ್ಚಿನ ಗೋಡೆಯ ಮೇಲೆ ನಲವತ್ತು ಸಂತರಿದ್ದಾರೆ. ಮುನ್ನೂರು ವರ್ಷದಲ್ಲಿ ಒಬ್ಬರೂ ಜಾಗ ಬಿಟ್ಟು ಕದಲಿಲ್ಲ. ಮಳೆ ಸೋರಿ ಸಂತ ನಿಕೊಲಾಸರ ಗಡ್ಡವೇ ಹೋಗಿದೆ, ಆದರೂ ಅವರು ಸಂತರೇ. ಇದರ ಗುಟ್ಟೇನು ಗೊತ್ತೇ? ನಮ್ಮ ಚರ್ಚು ಬದುಕಿರುವವರನ್ನು ಸಂತರೆಂದು ಗೋಡೆಯ ಮೇಲೆ ಬರೆಸುವುದಿಲ್ಲ. ಮನುಷ್ಯ ಸತ್ತು, ಮಣ್ಣಾಗಿ, ಇನ್ನು ಮುಂದೆ ಇವನು ಯಾವ ಎಡವಟ್ಟೂ ಮಾಡಲಾರ ಎಂದು ಎಲ್ಲರಿಗೂ ಖಾತ್ರಿಯಾದ ಮೇಲೆ ಬಣ್ಣ ಕಲಸುತ್ತಾರೆ. ಇದನ್ನು ನೀವು ಮೂಢನಂಬಿಕೆ ಎನ್ನುತ್ತೀರಿ. ನನಗೆ ಇದು ಉಣ್ಣೆ ಉಳಿಸುವ ಉಪಾಯವಾಗಿ ಕಾಣುತ್ತದೆ.

ಅಕ್ಟೋಬರ್ ಕೊನೆಯ ಹೊತ್ತಿಗೆ ನಾವು ಮೇಲ್ಸಾಲಿನ ಮೂಗಿನವರೆಗೆ ಏರಿದ್ದೆವು. ಆಗ ಬಂತು ತೆಗೆಯುವ ಎರಡನೆಯ ಆಜ್ಞೆ. ಈ ಸಲ ಅಕ್ಷರದಲ್ಲಿ, ಮೊಹರಿನೊಂದಿಗೆ: ‘ಕೆಳಸಾಲಿನ ನಡುವಿನ ವ್ಯಕ್ತಿಯನ್ನು ಯಾವ ಗುರುತೂ ಉಳಿಯದಂತೆ ತೆಗೆಯತಕ್ಕದ್ದು.’ ನಾನು ಮತ್ತು ಜ್ಲಾತಾ ಹಲಗೆಯ ಮೇಲೆ ಕೂತು ಆ ವ್ಯಕ್ತಿಯನ್ನು ಬಹಳ ಹೊತ್ತು ನೋಡಿದೆವು. ಅವರ ತಲೆಯ ಮೇಲೆ ಒಬ್ಬರು, ಆ ಒಬ್ಬರ ತಲೆಯ ಮೇಲೆ ನಿಮ್ಮಲ್ಲಿ ಎಲ್ಲರಿಗಿಂತ ದೊಡ್ಡವರು.

“ಅಕ್ಕಾ, ಹದಿನೈದು ದಿನ ನೋಡೋಣ,” ಎಂದಳು ಜ್ಲಾತಾ. “ಹೋದ ಸಲದವರು ವಾಪಸ್ ಬರಲಿಲ್ವಾ? ಇವರೂ ಬರಬಹುದು. ಬಿಚ್ಚೋದು, ನೇಯೋದು, ಬಿಚ್ಚೋದು. ಉಣ್ಣೆಗೂ ಮರ್ಯಾದೆ ಇರುತ್ತೆ.”

“ನೋಡೋಣ,” ಎಂದೆ ನಾನು. ಗಮನಿಸಿ, ನಾನೂ ಎಂದೆ.

ಕಳೆದ ವಾರ ಸೋಮವಾರ ಜಿಲ್ಲೆಯಿಂದ ಚರ್ಮದ ಕೋಟಿನ ತನಿಖಾಧಿಕಾರಿ ಬಂದರು. ಬೆರಳಿಟ್ಟು ತೋರಿಸಿ ಕೇಳಿದರು: “ಇವನು ಇನ್ನೂ ಇಲ್ಲಿ ಯಾಕಿದ್ದಾನೆ?”

“ಹೋದ ಸಲ ತೆಗೆದವರು ವಾಪಸ್ ಬಂದ್ರು, ಕಾಮ್ರೇಡ್. ಇವರಿಗೂ ನಾಲ್ಕು ದಿನ ಕೊಡೋಣ ಅಂತ,” ಎಂದಳು ಜ್ಲಾತಾ.

“ಅಂದ್ರೆ ಪಕ್ಷದ ತೀರ್ಮಾನ ಬದಲಾಗುತ್ತೆ ಅಂತ ಕಾಯ್ತಾ ಇದ್ದೀಯ.”

“ಬದಲಾಗುತ್ತೆ ಅಂತಲ್ಲ. ಬದಲಾಗಿತ್ತಲ್ಲ ಅಂತ.”

ಅವರು ಅದನ್ನು ಬರೆದುಕೊಂಡರು. ‘ಧ್ವಂಸಕೃತ್ಯ’ ಎಂಬ ಪದವನ್ನೂ ಬರೆದುಕೊಂಡರು. ಚಳಿ ಬಂತೆಂದರೆ ಕೆಮ್ಮುವ ಜ್ಲಾತಾಳಿಗೆ ಕೋಟು ಹಾಕಿಕೊಳ್ಳುವಷ್ಟು ಹೊತ್ತು ಕೊಟ್ಟರು, ಕಾಲುಚೀಲ ಹುಡುಕುವಷ್ಟು ಕೊಡಲಿಲ್ಲ.

ಇಲ್ಲಿ ನಿಮ್ಮ ತನಿಖೆಯಲ್ಲಿ ಒಂದು ಲೋಪವಾಗಿದೆ, ಸರಿಪಡಿಸಿಕೊಳ್ಳಿ. ಹಲಗೆಯ ನಡುವೆ ಒಂದು ಗೆರೆ ಎಳೆದರೆ ಎಡಕ್ಕಿರುವುದೆಲ್ಲ ನನ್ನ ಕೈ, ಬಲಕ್ಕಿರುವುದೆಲ್ಲ ಅವಳ ಕೈ. ಆ ವ್ಯಕ್ತಿ ಇದ್ದದ್ದು ಸರಿಯಾಗಿ ನಡುವೆ. ಅವರ ಎಡಗೆನ್ನೆ ನನ್ನದು, ಬಲಗೆನ್ನೆ ಜ್ಲಾತಾಳದು, ಮೂಗು ಇಬ್ಬರದೂ. ಕಾಯೋಣ ಎಂದದ್ದೂ ಇಬ್ಬರೂ. ಅರ್ಧ ಅಪರಾಧಕ್ಕೆ ಪೂರ್ತಿ ಹೆಂಗಸನ್ನು ಒಯ್ದಿದ್ದೀರಿ. ಇದು ಯಾವ ನ್ಯಾಯ? ಎಲ್ಲರಿಗೂ ಸಮಪಾಲು ಎನ್ನುವವರು ನೀವಲ್ಲವೇ?

ಶನಿವಾರ ಬೆಟ್ಟ ಇಳಿದು ಜಿಲ್ಲಾಕೇಂದ್ರದ ಠಾಣೆಗೆ ಹೋದೆ. ಒಂದು ರೊಟ್ಟಿ, ಉಪ್ಪಿನಲ್ಲಿಟ್ಟ ಕೋಸು, ಉಣ್ಣೆಯ ಕಾಲುಚೀಲ ಒಯ್ದಿದ್ದೆ. ಬಾಗಿಲಲ್ಲಿದ್ದ ಕಾವಲಿನವನು ಪುಸ್ತಕವನ್ನೂ ತೆರೆಯದೆ ಹೇಳಿದ: “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ಯಾವತ್ತೂ ಇರಲಿಲ್ಲ.”

ಮಾನ್ಯರೇ, ಜೂನ್‌ನಲ್ಲಿ ಈ ಮಾತು ಕೇಳಿ ನಾವಿಬ್ಬರೂ ನಕ್ಕಿದ್ದೆವು. ಶನಿವಾರ ನಾನು ಅವನ ಭುಜದ ಮೇಲಿಂದ ಒಳಗೆ ಇಣುಕಿದೆ.

“ಹಾಗಾದ್ರೆ ಅವಳ ಕೋಟು ನಿನ್ನ ಹಿಂದಿನ ಮೊಳೆಗೆ ಯಾಕೆ ನೇತಾಡ್ತಿದೆ, ಮಗ? ಆ ತೋಳಿನ ತೇಪೆ ನಾನು ಹಾಕಿದ್ದು,” ಎಂದೆ.

ಅವನು ಹಿಂದಕ್ಕೆ ತಿರುಗಿ ನೋಡಿದ, ರಸ್ತೆಯ ಕಡೆ ನೋಡಿದ. “ಕಾಲುಚೀಲ ಕೊಡಿ ಅಮ್ಮ. ರೊಟ್ಟಿ ಒಳಗೆ ಬಿಡಲ್ಲ.”

“ಕೆಮ್ತಾಳಾ?”

“ಒಂದೇ ಸಮ.”

ಅವನನ್ನು ಹುಡುಕಿ ಶಿಕ್ಷಿಸಬೇಡಿ. ನಿಮ್ಮ ಇಡೀ ಇಲಾಖೆಯಲ್ಲಿ ನನಗೆ ಒಂದು ನಿಜ ಹೇಳಿದವನು ಅವನೊಬ್ಬನೇ. ಹೇಳಿದ್ದೂ ಎರಡೇ ಪದ.

ಭಾನುವಾರ ಪ್ರಾರ್ಥನೆ ಮಾಡಿದೆ, ಯೋಚನೆ ಮಾಡಿದೆ. ಆಜ್ಞೆ ಪಾಲಿಸಲಿಲ್ಲ ಎಂದಲ್ಲವೇ ಜ್ಲಾತಾಳನ್ನು ಒಯ್ದದ್ದು? ಸರಿ, ಪಾಲಿಸೋಣ. ಮೊನ್ನೆ ಸೋಮವಾರ ಬೆಳಿಗ್ಗೆ ನೈದೆನನನ್ನು ಕರೆಸಿದೆ, ನಮ್ಮ ಬೀದಿಯ ಹೆಂಗಸರನ್ನೂ ಸಾಕ್ಷಿಗೆ ಕರೆದೆ, ಕಿಟಕಿ ತೆರೆದಿಟ್ಟೆ. ಆಜ್ಞೆಯನ್ನು ಅವನ ಕೈಲೇ ಗಟ್ಟಿಯಾಗಿ ಓದಿಸಿದೆ.

“ಯಾವ ಗುರುತೂ ಉಳಿಯದಂತೆ ಅಂತ ಇದೆಯಲ್ವಾ ನೈದೆನ್?”

“ಇದೆ ದೊಡ್ಡಮ್ಮ.”

“ಕತ್ತರಿಸಿ ತೇಪೆ ಹಾಕಿದ್ರೆ ಎರಡೂ ಕಡೆ ಗುರುತು ಉಳಿಯುತ್ತೆ. ಸರಿಯಾ?”

“ಸರಿ.”

“ಹಾಗಾದ್ರೆ ನಾನು ಬಿಚ್ತೀನಿ, ನೀನು ಉಂಡೆ ಸುತ್ತು.”

ಮೇಲಿನಿಂದ ಬಿಚ್ಚತೊಡಗಿದೆ. ಬೇರೆ ದಾರಿಯಿಲ್ಲ, ಕೊನೆಗೆ ನೇಯ್ದದ್ದು ಮೊದಲು ಬಿಚ್ಚಬೇಕು. ನಿಮ್ಮಲ್ಲಿ ಎಲ್ಲರಿಗಿಂತ ದೊಡ್ಡವರು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದರು. ಅವರಿಗಿನ್ನೂ ಕಣ್ಣು ಬಂದಿರಲಿಲ್ಲವಾದ್ದರಿಂದ ನೋವಾಗಿರಲಾರದು. ನೈದೆನ್ ಉಂಡೆ ಸುತ್ತುತ್ತ ಕಿಟಕಿಯ ಕಡೆ ನೋಡಿದ.

“ದೊಡ್ಡಮ್ಮ, ನಮ್ಮನ್ನೆಲ್ಲ ಒಳಗೆ ಹಾಕ್ತಾರೆ.”

“ಹಾಕಲಿ. ಜ್ಲಾತಾ ಒಬ್ಬಳೇ ಇದ್ದಾಳೆ ಅಲ್ಲಿ. ಬಿಗಿಯಾಗಿ ಸುತ್ತು, ಅದು ಮೀಸೆ.”

ನಿನ್ನೆ ಸಂಜೆಯ ಹೊತ್ತಿಗೆ ಆ ನಡುವಿನ ವ್ಯಕ್ತಿಯನ್ನು ತಲುಪಿ, ಆಜ್ಞೆಯಂತೆ ತೆಗೆದೆ. ಎರಡೂ ಕೆನ್ನೆ. ಅಕ್ಕಪಕ್ಕದವರೂ ಜೊತೆಗೆ ಹೋದರು, ಒಂದೇ ಎಳೆಯಲ್ಲಿ ಸಿಕ್ಕಿಕೊಂಡಿದ್ದರು. ಏಳು ತಿಂಗಳ ಕೆಲಸ. ಈಗ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಬರಿಯ ಹಾಸಿನ ದಾರ ನಿಂತಿದೆ, ಕೆಳಗೆ ಒಂದು ಗೇಣು ಕೆಂಪು ಅಂಚು. ನಿಮ್ಮ ಇಡೀ ಮಂಡಳಿ ನನ್ನ ಮನೆಯಲ್ಲಿ ನಾಲ್ಕು ಬುಟ್ಟಿಗಳಲ್ಲಿದೆ: ಮುಖಗಳು ಒಂದರಲ್ಲಿ, ಕೋಟುಗಳು ಒಂದರಲ್ಲಿ, ಮೀಸೆಗಳು ಒಂದರಲ್ಲಿ, ಹಿನ್ನೆಲೆಯ ಕೆಂಪು ಒಂದರಲ್ಲಿ. ಹುಳು ಹಿಡಿಯದಿರಲೆಂದು ಆಕ್ರೋಟಿನ ಎಲೆ ಹಾಕಿಟ್ಟಿದ್ದೇನೆ. ಜೋಪಾನವಾಗಿದ್ದೀರಿ.

ಮಹಾಧಿವೇಶನಕ್ಕೆ ಇಪ್ಪತ್ತನಾಲ್ಕು ದಿನವಿದೆ. ಸಭಾಂಗಣದ ಗೋಡೆಯಲ್ಲಿ ಮೊಳೆ ಹೊಡೆದಾಗಿದೆಯಂತೆ, ನೈದೆನ್ ಹೇಳಿದ. ಇಪ್ಪತ್ತನಾಲ್ಕು ದಿನದಲ್ಲಿ ಒಂಬತ್ತು ಮುಖ ಆಗುವುದಿಲ್ಲ. ಹಕ್ಕಿ ಮತ್ತು ಜೀವವೃಕ್ಷ ಆಗುತ್ತದೆ, ಇಬ್ಬರು ಕೂತರೆ. ಹಕ್ಕಿಗಳನ್ನು ಯಾರೂ ಉಚ್ಚಾಟಿಸುವುದಿಲ್ಲ ಎಂಬ ಅನುಕೂಲವೂ ಇದೆ. ಆದರೆ ಒಬ್ಬಳಿಂದ ಆಗುವ ಮಾತಲ್ಲ. ಬೇರೆ ಹೆಂಗಸನ್ನು ಕೂರಿಸಿ ಎಂದು ನೈದೆನ್ ಸೂಚಿಸಿದ್ದಾನೆ. ನಾನು ಮತ್ತು ಜ್ಲಾತಾ ಇಪ್ಪತ್ತೆರಡು ವರ್ಷ ಒಂದೇ ಹಲಗೆಯಲ್ಲಿ ಕೂತು ಎಳೆ ಕೂರಿಸುವ ನಮ್ಮ ಹಣಿಗೆಯ ಪೆಟ್ಟು ಒಂದೇ ಆಗಿದೆ. ಬೇರೆ ಕೈ ಬಂದರೆ ಒಂದು ಮಗ್ಗುಲು ಬಿಗಿದು ಇನ್ನೊಂದು ಸಡಿಲವಾಗಿ ಇಡೀ ಜಮಖಾನ ಬಲಕ್ಕೆ ವಾಲುತ್ತದೆ. ಬಲಕ್ಕೆ ವಾಲಿದವರನ್ನು ನೀವು ಏನು ಮಾಡುತ್ತೀರೆಂದು ವಾರಪತ್ರಿಕೆಯಲ್ಲಿ ಓದಿದ್ದೇನೆ, ಹಾಗಾಗಿ ಆ ಅಪಾಯ ಬೇಡ.

ನನ್ನ ಬೇಡಿಕೆ ಒಂದೇ. ಜ್ಲಾತಾಳನ್ನು ಬಿಡಿ. ತಪ್ಪಿಗೆ ಒಬ್ಬರು ಬೇಕೇ ಬೇಕೆಂದಾದರೆ ಎಡಗೆನ್ನೆಯವಳು ಇಲ್ಲಿದ್ದೇನೆ, ವಯಸ್ಸಿನಲ್ಲಿ ದೊಡ್ಡವಳು, ಕೆಮ್ಮಿಲ್ಲ, ನಲವತ್ತು ದಿನ ಉಪವಾಸ ಇದ್ದು ರೂಢಿಯಿದೆ. ನಿಮಗೆ ಖರ್ಚು ಕಡಿಮೆ. ಆದರೆ ಆಗಲೂ ಹಲಗೆಯ ಅರ್ಧ ಖಾಲಿಯೇ ಉಳಿಯುತ್ತದೆ, ಮೊಳೆಯೂ ಖಾಲಿಯೇ ಉಳಿಯುತ್ತದೆ. ಯೋಚಿಸಿ. ನೀವು ಒಂಬತ್ತು ಜನ ಇದ್ದೀರಿ, ಅಥವಾ ಈ ಬೆಳಿಗ್ಗೆ ಎಷ್ಟು ಜನ ಇದ್ದೀರೋ ಅಷ್ಟು.

ಉತ್ತರವನ್ನು ಅಂಚೆಗೆ ಹಾಕಬೇಡಿ, ಹಿಮದಲ್ಲಿ ಅಂಚೆಯವನು ನಮ್ಮ ಬೆಟ್ಟ ಹತ್ತುವುದಿಲ್ಲ. ಚರ್ಮದ ಕೋಟಿನವರ ಕೈಯಲ್ಲೂ ಬೇಡ. ಅದನ್ನು ಜ್ಲಾತಾಳೇ ತಂದುಕೊಡಲಿ. ಕಾಗದ ಬರೆಯಲು ನಿಮಗೆ ಪುರುಸೊತ್ತಿಲ್ಲದಿದ್ದರೆ ಬರಿಗೈಯಲ್ಲೇ ಬರಲಿ, ನಾನು ಓದಿಕೊಳ್ಳುತ್ತೇನೆ.

ಇಂತಿ,
ಬರಿಯ ಹಾಸಿನ ಮುಂದೆ ಅರ್ಧ ಹಲಗೆಯ ಮೇಲೆ ಕುಳಿತಿರುವ, ಆಜ್ಞೆಯನ್ನು ಅಕ್ಷರಶಃ ಪಾಲಿಸಿದ
ವೆಲಿಕಾ ಪೆಂಚೇವಾ